ಎರಡನೆಯ ಕೊಡ

ಕಳೆದ ಮಳೆಗಾಲದ ಒಂದು ಭಾನುವಾರ ಪುಣೆಯಲ್ಲಿರುವ ನಾವು ಕನ್ನಡದವರು ಹದಿನೈದಿಪ್ಪತ್ತು ಮಂದಿ ಸೇರಿ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ನೋಡಿದೆವು. ಕೋಥ್ರೂಡಿನ ಒಂದು ಹೌಸಿಂಗ್ ಸೊಸೈಟಿಯ ಕ್ಲಬ್‌ಹೌಸ್, ಬಾಡಿಗೆಗೆ ತಂದ ಪ್ರೊಜೆಕ್ಟರ್, ಗೋಡೆಗೆ ಕಟ್ಟಿದ ಬಿಳಿ ಪಂಚೆ. ಹೊರಗೂ ಮಳೆ, ಪಂಚೆಯ ಮೇಲೂ ಮಳೆ. ಸಿನಿಮಾ ಮುಗಿದ ಮೇಲೆ ಗಿರಮಿಟ್ಟು ಚಹಾ ಆಯಿತು, ಆಮೇಲೆ ಎಂದಿನಂತೆ ಚರ್ಚೆ. ಸೌಂದರ್ಯ ಇನ್ನೂ ಇದ್ದಿದ್ದರೆ ಎಂದು ಒಬ್ಬರು, ಎಚ್.ಎಂ. ರಾಮಚಂದ್ರರ ಕ್ಯಾಮೆರಾ ಎಂದು ಇನ್ನೊಬ್ಬರು, ನಾ. ಡಿಸೋಜಾ ಅವರ ಕಾದಂಬರಿಗೂ ಚಿತ್ರಕ್ಕೂ ಇರುವ ವ್ಯತ್ಯಾಸ ಎಂದು ಮತ್ತೊಬ್ಬರು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಗರದ ಮಾವ ಸುಮ್ಮನೆ ಕೂತಿದ್ದರು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಮಗೆಲ್ಲ ಅವರು ಸಾಗರದ ಮಾವ. ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಅವರ ಅಪ್ಪನ ಮನೆ ಹೋದಾಗ ಅವರಿಗೆ ಏಳೆಂಟು ವರ್ಷ.

“ನೀವೇನು ಹೇಳ್ತೀರಿ ಮಾವ?” ಅಂತ ಕೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದರು: “ಸಿನಿಮಾ ಚೊಲೋ ಉಂಟು ಮಾರಾಯ. ನಂಗೆ ಒಂದೇ ಅನುಮಾನ. ಇದನ್ನ ತೆಗೆಯೋಕೆ ಎಷ್ಟು ಡೀಸೆಲ್ ಸುಟ್ಟಿರ್ಬಹುದು?”

ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ಮಾತು ಬೇರೆ ಕಡೆ ಹೊರಳಿತು, ಕುರ್ಚಿಗಳನ್ನು ಮಡಚಿಟ್ಟು ಮನೆಗೆ ಹೋದೆವು. ಪ್ರಶ್ನೆ ಮಾತ್ರ ನನ್ನ ಜೊತೆಗೇ ಬಂತು. ಪರಿಸರದ ಬಗ್ಗೆ ಮಾತಾಡುವ ಸಿನಿಮಾವನ್ನು ಅದರ ಕಥೆಯಿಂದಷ್ಟೇ ಅಳೆಯಬೇಕೋ, ಅದನ್ನು ಕಟ್ಟಿದ ರೀತಿಯಿಂದಲೂ ಅಳೆಯಬೇಕೋ? ಇಷ್ಟು ವರ್ಷ ಸಿನಿಮಾಗಳ ಬಗ್ಗೆ ಬರೆದ ನಾನು ಈ ಎರಡನೆಯ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ.

*

ಡೀಸೆಲ್ ಅಂದಾಗ ಮಾವ ತಮಾಷೆಗೆ ಹೇಳಿರಲಿಲ್ಲ ಎಂದು ನನಗೆ ಗೊತ್ತಾಗಲು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬನಿಗೆ ಸಂಭಾಷಣೆಯಲ್ಲಿ ಸಹಾಯ ಮಾಡಲು ಪುಣೆಯಿಂದ ಎರಡು ತಾಸಿನ ದಾರಿಯ ಹಳ್ಳಿಯೊಂದರಲ್ಲಿ ಎರಡು ರಾತ್ರಿ ಶೂಟಿಂಗಿನ ಜೊತೆಗಿದ್ದೆ. ಸಣ್ಣ ಚಿತ್ರ, ಸಣ್ಣ ಬಜೆಟ್ಟು. ಕಥೆ ಬರಗಾಲದ್ದು. ಗದ್ದೆಯ ಬದುವಿನಲ್ಲಿ ಜನರೇಟರ್ ವ್ಯಾನ್ ನಿಂತಿತ್ತು. ಅದನ್ನು ನೋಡಿಕೊಳ್ಳುವ ಹುಡುಗ ಗಂಟೆಗೆ ಸುಮಾರು ಹದಿನೈದು ಲೀಟರ್ ಕುಡಿಯುತ್ತದೆ ಎಂದ. ಸಂಜೆ ಆರಕ್ಕೆ ಶುರುವಾದದ್ದು ಬೆಳಿಗ್ಗೆ ಆರಕ್ಕೆ ನಿಂತಿತು. ಹನ್ನೆರಡು ತಾಸಿಗೆ 180 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಂದು ರಾತ್ರಿಗೆ ಹೆಚ್ಚೂಕಡಿಮೆ ಅರ್ಧ ಟನ್ನು, ಎರಡು ರಾತ್ರಿಗೆ ಒಂದು ಟನ್ನು. ಅದೂ ದೀಪಕ್ಕೆ ಮಾತ್ರ. ಇನ್ನೋವಾಗಳು, ಸಾಮಾನಿನ ಟೆಂಪೋಗಳು, ನಾಯಕನ ವ್ಯಾನಿಟಿ ವ್ಯಾನಿನ ಏಸಿ ಇದರಲ್ಲಿ ಸೇರಿಲ್ಲ.

ಇನ್ನೂರು ಹೆಜ್ಜೆ ದೂರದಲ್ಲಿ ಕರೆಂಟಿನ ಕಂಬವಿತ್ತು. ತಾತ್ಕಾಲಿಕ ಕನೆಕ್ಷನ್ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಪ್ರೊಡಕ್ಷನ್ ಮ್ಯಾನೇಜರನ್ನು ಕೇಳಿದೆ. ಅವನು ನನ್ನನ್ನು ಮಗುವನ್ನು ನೋಡುವಂತೆ ನೋಡಿದ. “ಅರ್ಜಿ ಹಾಕಿ, ಸೈನು ಮಾಡಿಸಿ, ಮೀಟರ್ ಬರೋ ಹೊತ್ತಿಗೆ ನಮ್ಮ ಸಿನಿಮಾ ಟೀವಿಗೆ ಬಂದಿರ್ತದೆ ಸರ್” ಎಂದ. ಅವನದು ತಪ್ಪಲ್ಲ. ನಟನ ಕಾಲ್‌ಶೀಟ್ ಎರಡೇ ದಿನದ್ದು. ನಡುರಾತ್ರಿ ಕರೆಂಟು ಹೋದರೆ ಬೈಸಿಕೊಳ್ಳುವವನು ಅವನೇ.

ಬೆಳಗಾದ ಮೇಲೆ ಹೊಲ ನೋಡಿದೆ. ಒಂದೊಂದು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳು ಎಲ್ಲೆಲ್ಲೂ ಬಿದ್ದಿದ್ದವು. ಮುಖಕ್ಕೆ ಬೆಳಕು ತಿರುಗಿಸಲು ಹಿಡಿಯುವ ಬಿಳಿ ಥರ್ಮೊಕೋಲ್ ಹಲಗೆಗಳು ಮುರಿದು, ಅದರ ಕಾಳುಗಳು ಉಳುಮೆ ಮಾಡಿದ ಮಣ್ಣಿನಲ್ಲಿ ಆಲಿಕಲ್ಲಿನ ಹಾಗೆ ಹರಡಿದ್ದವು. ಆಲಿಕಲ್ಲಾದರೆ ಕರಗುತ್ತದೆ. ಬರಗಾಲದ ದೃಶ್ಯಕ್ಕೆಂದು ಕಟ್ಟಿದ್ದ ಪ್ಲೈವುಡ್ಡಿನ ಗುಡಿಸಲು ಅಲ್ಲೇ ಉಳಿಯಿತು. ಹೊಲದ ಯಜಮಾನನಿಗೆ ಬಾಡಿಗೆ ಕೊಟ್ಟಾಗಿತ್ತು. ಆತ ಕೈಮುಗಿದು ದುಡ್ಡು ಎಣಿಸಿಕೊಂಡ, ಆಮೇಲೆ ಬಗ್ಗಿ ಕಾಳುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ನಾವು ಹೊರಟೆವು. ಇದೇ ಮಹಾರಾಷ್ಟ್ರದಲ್ಲಿ 2018ರಲ್ಲಿ ಥರ್ಮೊಕೋಲಿನ ತಟ್ಟೆ, ಲೋಟ, ಅಲಂಕಾರ ನಿಷೇಧವಾದಾಗ ಗಣಪತಿ ಮಂಡಳಿಗಳು ಗೊಣಗಿಕೊಂಡೇ ಬಟ್ಟೆ, ಬಿದಿರು, ರಟ್ಟಿನ ಮಖರಗಳಿಗೆ ಹೊರಳಿದ್ದವು. ಹತ್ತು ದಿನ ಕೂರುವ ಗಣಪ ಕಲಿತದ್ದನ್ನು ಎರಡು ದಿನ ಇರುವ ಶೂಟಿಂಗು ಕಲಿತಿರಲಿಲ್ಲ.

ನಮ್ಮದು ಬಡ ಚಿತ್ರ. ದೊಡ್ಡವರ ಲೆಕ್ಕ ಬೇರೆಯೇ ಇದೆ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ಸೇರಿ ಕಟ್ಟಿಕೊಂಡ ಸಸ್ಟೇನಬಲ್ ಪ್ರೊಡಕ್ಷನ್ ಅಲಯನ್ಸ್ 2021ರಲ್ಲಿ ತಮ್ಮ ಚಿತ್ರಗಳ ಲೆಕ್ಕ ಪ್ರಕಟಿಸಿತು. ಭಾರೀ ಬಜೆಟ್ಟಿನ ಒಂದು ಚಿತ್ರಕ್ಕೆ ಸರಾಸರಿ 3,370 ಟನ್ ಇಂಗಾಲ, ಸಣ್ಣ ಚಿತ್ರಕ್ಕೆ 391 ಟನ್. ಅದರಲ್ಲಿ ದೊಡ್ಡ ಪಾಲು ಇಂಧನದ್ದು, ಅಂದರೆ ವಾಹನ ಮತ್ತು ಜನರೇಟರಿನದ್ದು. ವಿಮಾನ, ಹೋಟೆಲು, ಸ್ಟುಡಿಯೋದ ಕರೆಂಟು ಆಮೇಲೆ. ಬ್ರಿಟನ್ನಿನಲ್ಲಿ 2011ರಿಂದ ಬಾಫ್ಟಾದ ಆಲ್ಬರ್ಟ್ ಎಂಬ ವ್ಯವಸ್ಥೆ ಇಂಥ ಲೆಕ್ಕ ಬರೆಯಿಸುತ್ತಿದೆ. ಅಲ್ಲಿ ಚಿತ್ರತಂಡ ಎಷ್ಟು ಓಡಾಡಿತು, ಎಷ್ಟು ಉರಿಸಿತು, ಸೆಟ್ಟಿನ ಮರ ಎಲ್ಲಿಗೆ ಹೋಯಿತು ಎಂಬುದನ್ನು ತುಂಬಿಕೊಡಬೇಕು. ನಮ್ಮಲ್ಲಿ ಚಿತ್ರದ ಕೊನೆಗೆ ಚಹಾ ಕೊಟ್ಟವನ ಹೆಸರು ಬರುತ್ತದೆ, ಅದು ಒಳ್ಳೆಯದೇ. ಡೀಸೆಲ್ಲಿಗೆ ಮಾತ್ರ ಅಲ್ಲಿ ಜಾಗವಿಲ್ಲ.

*

ಇಷ್ಟು ಹೇಳಿದ ಕೂಡಲೇ ಒಂದು ಸುಲಭದ ದಾರಿ ತೆರೆದುಕೊಳ್ಳುತ್ತದೆ: ಹಿಂದಿನವರು ಚೆನ್ನಾಗಿದ್ದರು, ನಾವು ಕೆಟ್ಟೆವು. ಪುಣೆಯಲ್ಲಿ ಕೂತವನಿಗೆ ಈ ದಾರಿ ಇನ್ನೂ ಸುಲಭ. ಲಾ ಕಾಲೇಜ್ ರಸ್ತೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟಿನ ಗೇಟಿನೊಳಗೆ ಹೋದರೆ ಅದು ಪ್ರಭಾತ್ ಸ್ಟುಡಿಯೋದ ಅಂಗಳ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಕಂಪನಿ, 1936ರ ‘ಸಂತ ತುಕಾರಾಂ’ ಕಟ್ಟಿದ್ದು ಇಲ್ಲೇ. ಅದರ ನಿರ್ದೇಶಕರಾದ ದಾಮ್ಲೆ ಮತ್ತು ಫತ್ತೇಲಾಲ್ ಮೂಲತಃ ಚಿತ್ರಕಲೆ, ಬಡಗಿತನ ಗೊತ್ತಿದ್ದ ಕೈಗಳು. ಬಡಗಿ, ದರ್ಜಿ, ಲ್ಯಾಬು, ಸಂಗೀತ ಎಲ್ಲ ಒಂದೇ ಬೇಲಿಯೊಳಗೆ. ಕಲಾವಿದರು ಸಂಬಳದವರು. ಒಂದು ಚಿತ್ರದ ಕಂಬ ಇನ್ನೊಂದಕ್ಕೆ ಬರುತ್ತಿತ್ತು. ಇಂದು ಹಸಿರು ಚಿತ್ರೀಕರಣದ ಪಾಠ ಹೇಳುವವರು ಕೊಡುವ ಸಲಹೆಗಳಲ್ಲಿ ಅರ್ಧವನ್ನು, ಓಡಾಟ ಕಡಿಮೆ ಮಾಡಿ, ಸೆಟ್ಟು ಮರುಬಳಸಿ ಎಂಬುದನ್ನು, ಪ್ರಭಾತ್ ಯಾವ ಹಸಿರಿನ ಮಾತೂ ಆಡದೆ ಪಾಲಿಸಿತ್ತು. ಸ್ಟುಡಿಯೋ ಮುಚ್ಚಿದ ಮೇಲೆ 1960ರಲ್ಲಿ ಅದೇ ಅಂಗಳ ಸಿನಿಮಾ ಶಾಲೆಯಾಯಿತು. ಒಂದು ಜಾಗವನ್ನು ಇದಕ್ಕಿಂತ ಚೆನ್ನಾಗಿ ಮರುಬಳಸುವುದು ಹೇಗೆ?

ಆದರೆ ಆ ಅಂಗಳದ ಇನ್ನೊಂದು ನೆನಪು ಬೆಂಕಿಯದು. ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು, ಸಿಡಿಮದ್ದಿನ ಹತ್ತಿರದ ಸಂಬಂಧಿ. ಅದರ ಮೇಲಿನ ಲೇಪದಲ್ಲಿ ಬೆಳ್ಳಿ, ಆ ಬೆಳ್ಳಿಯನ್ನು ಹಿಡಿದಿಡುವ ಜೆಲಟಿನ್ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದದ್ದು. ಲ್ಯಾಬಿನ ರಾಸಾಯನಿಕ ತೊಳೆದ ನೀರು ಚರಂಡಿಗೆ. 2003ರ ಜನವರಿಯಲ್ಲಿ ಇದೇ ಆವರಣದಲ್ಲಿದ್ದ ಫಿಲ್ಮ್ ಆರ್ಕೈವಿನ ನೈಟ್ರೇಟ್ ದಾಸ್ತಾನಿಗೆ ಬೆಂಕಿ ಬಿದ್ದು, ಪ್ರಭಾತ್‌ನವೂ ಸೇರಿದಂತೆ ಹಳೆಯ ಚಿತ್ರಗಳ ಮೂಲ ಪ್ರತಿಗಳು ಬೂದಿಯಾದವು. ಬೆಂಕಿಗೆ ಸಿಗದೆ ಉಳಿದದ್ದನ್ನು ಎಷ್ಟೋ ಕಡೆ ಬೆಳ್ಳಿಯ ಆಸೆ ತಿಂದಿದೆ. ಓಡಿ ಮುಗಿದ ಪ್ರಿಂಟುಗಳನ್ನು ತೊಳೆದು ಬೆಳ್ಳಿ ತೆಗೆದು ಮಾರುವುದು ಆಗ ಮಾಮೂಲು ವ್ಯಾಪಾರ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’, ತಯಾರಾದದ್ದು ಬೆಂಗಳೂರಿನಲ್ಲಲ್ಲ, ಇಲ್ಲಿಂದ ದಕ್ಷಿಣಕ್ಕಿರುವ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇವತ್ತು ಅದರ ಒಂದು ಅಡಿ ಫಿಲ್ಮೂ ನಮ್ಮ ಬಳಿ ಇಲ್ಲ. ಹೊಟ್ಟೆಪಾಡಿಗೆಂದು ಮರಾಠಿ ನಾಡಿಗೆ ಬಂದ ನಮಗಿಂತ ಮೊದಲೇ ನಮ್ಮ ಸಿನಿಮಾ ಇಲ್ಲಿಗೆ ಬಂದಿತ್ತು, ಇಲ್ಲಿಂದ ಹೋಗಿ ಎಲ್ಲೋ ಕಾಣೆಯಾಯಿತು. ಹಾಗಾಗಿ ಹಳೆಯದು ಹಸಿರಾಗಿತ್ತು ಎನ್ನಲಾರೆ. ಬಿಸಾಡುವ ಬುದ್ಧಿ ಆಗಲೂ ಇತ್ತು. ಆಗ ಸಿನಿಮಾವನ್ನೇ ಬಿಸಾಡುತ್ತಿದ್ದರು, ಈಗ ಸಿನಿಮಾ ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತೇವೆ.

*

ಮಿತವ್ಯಯ ಮತ್ತು ಚೆಲುವಿನ ಸಂಬಂಧದ ಮಾತು ಬಂದಾಗ ನನಗೆ ನೆನಪಾಗುವವರು ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಅವರು ಜೊತೆಯಾದದ್ದು ಗುರುದತ್ತರಿಗೆ. ಆ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಸಿನಿಮಾದ ಕೆಲಸ ಶುರುಮಾಡಿದ್ದು ಪುಣೆಯ ಪ್ರಭಾತ್‌ನಲ್ಲಿ. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಖಾಲಿ ಸ್ಟುಡಿಯೋದ ಕತ್ತಲಿಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಎಲ್ಲರಿಗೂ ಗೊತ್ತು. ಅದಕ್ಕೆ ಮೂರ್ತಿಯವರು ಬಳಸಿದ್ದು ಎರಡು ದೊಡ್ಡ ಕನ್ನಡಿಗಳನ್ನು. ಹೊರಗಿನ ಬಿಸಿಲನ್ನು ಒಂದು ಕನ್ನಡಿ ಹಿಡಿಯಿತು, ಇನ್ನೊಂದು ಒಳಗೆ ಕಳಿಸಿತು. ದೊಡ್ಡ ದೀಪಗಳು ಕೊಡದ ಗೆರೆಯಂಥ ಬೆಳಕನ್ನು ಸೂರ್ಯ ಪುಕ್ಕಟೆ ಕೊಟ್ಟ.

ಇದನ್ನು ಪರಿಸರಪ್ರೇಮ ಎಂದು ಕರೆದರೆ ಮೂರ್ತಿಯವರೇ ನಗುತ್ತಿದ್ದರು. ಅವರಿಗೆ ಬೇಕಿದ್ದದ್ದು ಆ ಬೆಳಕು. ನಾನು ಹೇಳುವುದು ಇಷ್ಟೇ: ಇರುವುದನ್ನು ನೋಡುವ ಕಣ್ಣಿದ್ದವನಿಗೆ ಇಲ್ಲದ್ದನ್ನು ಹೊತ್ತು ತರುವ ಲಾರಿ ಕಡಿಮೆ ಸಾಕು. ನಮ್ಮ ಹೊಸ ಅಲೆಯ ಚಿತ್ರಗಳು ಈ ಕಣ್ಣಿನಿಂದಲೇ ಬದುಕಿದವು. 1970ರ ‘ಸಂಸ್ಕಾರ’ಕ್ಕೆ ಶೃಂಗೇರಿ ಸೀಮೆಯ ಒಂದು ಅಗ್ರಹಾರ ಸಾಕಾಯಿತು. ಶಂಕರನಾಗ್ ‘ಮಾಲ್ಗುಡಿ ಡೇಸ್’ ತೆಗೆದಾಗ ಆಗುಂಬೆಯ ಮನೆ, ಜಗಲಿ, ಬೀದಿಗಳೇ ಮಾಲ್ಗುಡಿಯಾದವು.

‘ದ್ವೀಪ’ವೂ ಇದೇ ಸಾಲಿನದು. ಮುಳುಗುತ್ತಿರುವ ಸೀತಾಪರ್ವತ, ಅದರ ಮೇಲೊಂದು ಮನೆ, ನಾಗಿ, ಗಣಪ, ದುಗ್ಗಜ್ಜ, ಆಮೇಲೆ ಬರುವ ಕೃಷ್ಣ. ಬೆರಳೆಣಿಕೆಯ ಜನ, ಒಂದೇ ಜಾಗ. ಊರು ಬಿಟ್ಟುಹೋಗುವವರ ಗದ್ದಲವನ್ನು ಕಾಸರವಳ್ಳಿ ಜನಜಂಗುಳಿಯಿಂದ ತೋರಿಸುವುದಿಲ್ಲ. ದಿನದಿಂದ ದಿನಕ್ಕೆ ಖಾಲಿಯಾಗುವ ದಡದಿಂದ ತೋರಿಸುತ್ತಾರೆ. ಮಳೆ ಇಲ್ಲಿ ನಾಯಕ ನಾಯಕಿಯರನ್ನು ನೆನೆಸಲು ಬರುವುದಿಲ್ಲ. ಅದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರುವ ಲೆಕ್ಕ. ಮಸುಕಾದ ಆ ಬೂದು ಬೆಳಕಿನಲ್ಲಿ ಹಗಲು ಯಾವುದು ಸಂಜೆ ಯಾವುದು ಎಂದು ಗೊತ್ತಾಗದೆ ಆ ಮನೆಯವರಂತೆ ನಾವೂ ದಿನ ಎಣಿಸುತ್ತೇವೆ. ಇಂಥ ಕಥೆಗೆ ದೊಡ್ಡ ಸೆಟ್ಟು ಹಾಕಿದ್ದರೆ ಕಥೆಯೇ ಮುಳುಗುತ್ತಿತ್ತು. ಕಡಿಮೆ ಖರ್ಚು ಇಲ್ಲಿ ಕೊರತೆಯಾಗಿ ಕಾಣುವುದಿಲ್ಲ, ಚಿತ್ರದ ವ್ಯಾಕರಣವಾಗಿ ಕಾಣುತ್ತದೆ.

ಚಿತ್ರದ ಕೊನೆ ನೆನಪಿಸಿಕೊಳ್ಳಿ. ನಾಗಿಯ ದಿಟ್ಟತನದಿಂದ ಮನೆ ಉಳಿಯುತ್ತದೆ, ನೀರು ಇಳಿಯುತ್ತದೆ. ಗಣಪ ಅದನ್ನು ದೇವರ ಕೃಪೆ ಎನ್ನುತ್ತಾನೆ. ನಾಗಿ ಮಾಡಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೊದಲು ನೋಡಿದಾಗ ಇದು ಗಂಡಿನ ಕುರುಡಿನ ಕಥೆ ಎನಿಸಿತ್ತು. ಸಾಗರದ ಮಾವನ ಪ್ರಶ್ನೆಯಾದ ಮೇಲೆ ನೋಡಿದಾಗ, ಕೆಲಸ ಮಾಡಿದ್ದನ್ನು, ಕಳೆದುಕೊಂಡದ್ದನ್ನು ಕಣ್ಣೆದುರೇ ಅಳಿಸಿಹಾಕುವ ನಮ್ಮೆಲ್ಲರ ಅಭ್ಯಾಸದ ಕಥೆ ಅನ್ನಿಸಿತು. ಸಿನಿಮಾದವರು ಇದನ್ನು ದಿನಾ ಮಾಡುತ್ತಾರೆ. ಚಿತ್ರ ಗೆದ್ದರೆ ದೇವರ ದಯೆ, ಅಭಿಮಾನಿಗಳ ಆಶೀರ್ವಾದ. ಥರ್ಮೊಕೋಲ್ ಹೆಕ್ಕಿದವನು ಆ ಲೆಕ್ಕದಲ್ಲಿಲ್ಲ.

*

ಇಲ್ಲಿ ನನ್ನನ್ನೇ ತಡೆದುಕೊಳ್ಳಬೇಕು. ಸಣ್ಣ ಚಿತ್ರ ಪುಣ್ಯದ್ದು, ದೊಡ್ಡ ಚಿತ್ರ ಪಾಪದ್ದು ಎಂದು ವಿಮರ್ಶಕ ಹೇಳಿದರೆ ಅದು ಸಿರಿವಂತರಲ್ಲದವರ ಅಹಂಕಾರವಷ್ಟೇ. ನಾನೇ ನೋಡಿದ ಬರಗಾಲದ ಚಿತ್ರ ಸಣ್ಣದೇ ಆಗಿತ್ತು. ಜೊತೆಗೆ, ಬಡತನದಿಂದ ಬಂದ ಮಿತವ್ಯಯವನ್ನು ಆದರ್ಶವೆಂದು ಹೊಗಳುವುದು, ರಾತ್ರಿಯಿಡೀ ನಿದ್ದೆಗೆಟ್ಟ ಲೈಟ್‌ಬಾಯ್‌ಗೆ ಉಪವಾಸದ ಮಹಿಮೆ ಹೇಳಿದ ಹಾಗೆ.

ಆದರೂ ದೊಡ್ಡ ಚಿತ್ರಗಳಿಗೆ ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ. 2022ರ ‘ಕಾಂತಾರ’ ನಮ್ಮನ್ನೆಲ್ಲ ಕುಣಿಸಿತು. ಪುಣೆಯ ಮಲ್ಟಿಪ್ಲೆಕ್ಸಿನಲ್ಲಿ ನನ್ನ ಪಕ್ಕ ಕೂತ ಮರಾಠಿ ಹುಡುಗ ಕೊನೆಯ ಕೂಗಿಗೆ ಎದ್ದುನಿಂತಿದ್ದ. ಆ ಚಿತ್ರದ ತಿರುಳೇ ಕಾಡು ಯಾರದ್ದು ಎಂಬ ಪ್ರಶ್ನೆ. ಅದರ ಮುಂದಿನ ಚಿತ್ರದ ಶೂಟಿಂಗಿನಲ್ಲಿ, 2025ರ ಜನವರಿಯಲ್ಲಿ, ಸಕಲೇಶಪುರ ತಾಲ್ಲೂಕಿನ ಕಾಡಂಚಿನಲ್ಲಿ ಅನುಮತಿಯ ಷರತ್ತು ಮೀರಿದ್ದಕ್ಕೆ ಅರಣ್ಯ ಇಲಾಖೆ 50,000 ರೂಪಾಯಿ ದಂಡ ಹಾಕಿದ ಸುದ್ದಿ ಬಂತು. ಸ್ಥಳೀಯರ ಆರೋಪಗಳು ಇದಕ್ಕಿಂತ ದೊಡ್ಡವಿದ್ದವು. ಅವುಗಳ ತೀರ್ಪು ಹೇಳುವವನು ನಾನಲ್ಲ. ನನಗೆ ತಟ್ಟಿದ್ದು ದಂಡದ ಮೊತ್ತ. ನೂರಾರು ಕೋಟಿಯ ವ್ಯವಹಾರದಲ್ಲಿ 50,000 ಎಂದರೆ ಅದು ಶಿಕ್ಷೆಯೂ ಅಲ್ಲ, ಲೆಕ್ಕವೂ ಅಲ್ಲ. ಒಂದು ದಿನದ ಜನರೇಟರ್ ಬಾಡಿಗೆ, ಡೀಸೆಲ್ಲು ಸೇರಿದರೆ ಅದರ ಹತ್ತಿರ ಬಂದೀತು.

ಇದು ನಮ್ಮಲ್ಲಿ ಮಾತ್ರ ಎಂದಲ್ಲ. 2000ದ ‘ದಿ ಬೀಚ್’ ಚಿತ್ರಕ್ಕಾಗಿ ಥಾಯ್ಲೆಂಡಿನ ಮಾಯಾ ಕೊಲ್ಲಿಯ ಮರಳದಿಬ್ಬಗಳನ್ನು ಸರಿಸಿ, ಅಲ್ಲಿಲ್ಲದ ತೆಂಗಿನ ಮರಗಳನ್ನು ನೆಟ್ಟರು. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು, ಹಾನಿಯಾಗಿದೆ ಎಂದು 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಿತು. ಆ ಹೊತ್ತಿಗೆ ಸಿನಿಮಾ ತೋರಿಸಿದ ಸ್ವರ್ಗ ನೋಡಲು ಬಂದ ಪ್ರವಾಸಿಗರು ತುಳಿತ ಶುರುಮಾಡಿದ್ದರು. ಕೊನೆಗೆ 2018ರಲ್ಲಿ ಹವಳಗಳು ಚೇತರಿಸಿಕೊಳ್ಳಲೆಂದು ಕೊಲ್ಲಿಯನ್ನೇ ಕೆಲವು ವರ್ಷ ಮುಚ್ಚಬೇಕಾಯಿತು. ಸಿನಿಮಾ ತಂಡ ಪ್ಯಾಕಪ್ ಹೇಳಿ ಹೋದ ಮೇಲೂ ಸಿನಿಮಾ ಅಲ್ಲೇ ಕೆಲಸ ಮಾಡುತ್ತಿರುತ್ತದೆ.

ಸಸಿ ನೆಟ್ಟು ಕೈತೊಳೆದುಕೊಳ್ಳುವ ಇನ್ನೊಂದು ದಾರಿಯಿದೆ. 2015ರಲ್ಲಿ ‘ಐಸಾ ಯೇ ಜಹಾಂ’ ಎಂಬ ಹಿಂದಿ ಚಿತ್ರ ದೇಶದ ಮೊದಲ ಕಾರ್ಬನ್ ನ್ಯೂಟ್ರಲ್ ಚಿತ್ರ ತಾನೆಂದು ಹೇಳಿಕೊಂಡಿತು. ಲೆಕ್ಕ ಹಾಕಬೇಕೆಂದು ಅವರಿಗೆ ಅನ್ನಿಸಿತಲ್ಲ, ಅದಕ್ಕೆ ನನ್ನ ಗೌರವವಿದೆ. ಆದರೆ ಸಸಿಯ ಲೆಕ್ಕ ಬಹಳ ಉದಾರವಾದದ್ದು. ಡೀಸೆಲ್ಲು ಒಂದು ರಾತ್ರಿಯಲ್ಲಿ ಉರಿಯುತ್ತದೆ, ಸಸಿ ಮರವಾಗಲು ಹತ್ತಿಪ್ಪತ್ತು ವರ್ಷ ಬೇಕು, ಅಷ್ಟು ವರ್ಷ ಅದಕ್ಕೆ ಯಾರು ನೀರು ಹಾಕಿದರು ಎಂದು ಕೇಳಲು ನಿರ್ಮಾಪಕ ಅಲ್ಲಿರುವುದಿಲ್ಲ. ಮೊದಲು ಕಡಿಮೆ ಉರಿಸುವುದು, ಉಳಿದದ್ದಕ್ಕೆ ಸಸಿ. ಈ ಕ್ರಮ ತಿರುಗುಮುರುಗಾದರೆ ಸಸಿ ಎಂಬುದು ಪ್ರಾಯಶ್ಚಿತ್ತದ ಚೀಟಿ.

ಇನ್ನು ಚಿತ್ರನಗರಿ. ಇದರಲ್ಲಿ ಒಂದು ವಿಚಿತ್ರವಿದೆ. ತತ್ವಕ್ಕೆ ನೋಡಿದರೆ ಚಿತ್ರನಗರಿ ಒಳ್ಳೆಯದು. ಗ್ರಿಡ್ಡಿನ ಕರೆಂಟು, ಉಳಿಯುವ ಸೆಟ್ಟುಗಳು, ಕಡಿಮೆ ಓಡಾಟ, ಪ್ರಭಾತ್ ತೋರಿಸಿಕೊಟ್ಟದ್ದೇ. ಆದರೆ ಬೆಂಗಳೂರಿನ ಬಳಿ ಅದಕ್ಕೆಂದು ಮತ್ತೆ ಮತ್ತೆ ಕಣ್ಣು ಹಾಕಿದ್ದು ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ. ಮೂರ್ತಿಯವರು ಓದಿದ ಆ ಛಾಯಾಗ್ರಹಣ ವಿಭಾಗದಿಂದ ಬೆಳೆದ ಸರ್ಕಾರಿ ಫಿಲ್ಮ್ ಮತ್ತು ಟಿವಿ ಸಂಸ್ಥೆ ಈಗಿರುವುದೂ ಹೆಸರಘಟ್ಟದಲ್ಲೇ. ಕಾಗದದಲ್ಲಿ ಆ ಹುಲ್ಲು ಖಾಲಿ ಜಮೀನು. ಮರವಿಲ್ಲದ ಕಡೆ ಏನೂ ಇಲ್ಲ ಎನ್ನುವ ನಮ್ಮ ಕಣ್ಣಿಗೆ ಅಲ್ಲಿ ಬೇಟೆಯಾಡುವ ಗಿಡುಗಗಳಾಗಲಿ, ಚಳಿಗಾಲಕ್ಕೆ ಬರುವ ಹಕ್ಕಿಗಳಾಗಲಿ, ಕೆರೆಗೆ ನೀರು ಜಿನುಗಿಸುವ ನೆಲವಾಗಲಿ ಕಾಣುವುದಿಲ್ಲ. ಜನ ವರ್ಷಗಟ್ಟಲೆ ಹೋರಾಡಿದ ಮೇಲೆ, 2024ರಲ್ಲಿ ಅಲ್ಲಿನ 5,678 ಎಕರೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಈಗ ಮೈಸೂರಿನಲ್ಲಿ 150 ಎಕರೆಯ ಚಿತ್ರನಗರಿಯ ಯೋಜನೆಯಿದೆ. ಅದು ಪ್ರಭಾತ್ ಆಗುತ್ತದೋ ಇನ್ನೊಂದು ಹೆಸರಘಟ್ಟವಾಗುತ್ತದೋ ಎಂಬುದನ್ನು ಅದರ ಭವ್ಯ ದ್ವಾರ ಹೇಳುವುದಿಲ್ಲ, ಅದರ ಕರೆಂಟಿನ ಬಿಲ್ಲು ಮತ್ತು ಕಸದ ಗುಂಡಿ ಹೇಳುತ್ತವೆ.

*

ಆದರೆ ಕರೆಂಟಿನ ಬಿಲ್ಲು ಎಂದು ಬರೆಯುತ್ತಿದ್ದಂತೆ ಸಾಗರದ ಮಾವ ಮತ್ತೆ ಎದುರು ಬರುತ್ತಾರೆ. ಜನರೇಟರ್ ಬೇಡ, ಗ್ರಿಡ್ಡಿನಿಂದ ತೆಗೆದುಕೊಳ್ಳಿ ಎಂದು ನಾನು ಸಲೀಸಾಗಿ ಹೇಳುತ್ತೇನೆ. ಗ್ರಿಡ್ಡಿಗೆ ಅದು ಎಲ್ಲಿಂದ ಬರುತ್ತದೆ? ಬೆಂಗಳೂರಿನ ಸ್ಟುಡಿಯೋಗಳ ದೀಪಗಳನ್ನು ದಶಕಗಟ್ಟಲೆ ಉರಿಸಿದ ಕರೆಂಟಿನಲ್ಲಿ ಶರಾವತಿಯದು ದೊಡ್ಡ ಪಾಲು. ಆ ಶರಾವತಿಯಲ್ಲಿ ಮಾವನ ಮನೆ ಇದೆ.

ಪುಣೆಗೂ ಇಂಥದೇ ಕಥೆಯಿದೆ. ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಸ್ವಲ್ಪ ನಡೆದರೆ ಸಿಗುವ ದೊಡ್ಡ ರಸ್ತೆಯ ಹೆಸರು ಸೇನಾಪತಿ ಬಾಪಟ್ ರಸ್ತೆ. ಐಟಿ ಕಚೇರಿ, ಮಾಲುಗಳ ಆ ರಸ್ತೆಯಲ್ಲಿ ದಿನಾ ಓಡಾಡುವ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ, ಈ ಬಾಪಟ್ ಯಾವ ಸೇನೆಯ ಪತಿ ಎಂದು? ಮುಂಬಯಿಗೆ ವಿದ್ಯುತ್ ಒದಗಿಸಲು ಟಾಟಾ ಕಂಪನಿ ಪುಣೆಯ ಪಶ್ಚಿಮಕ್ಕಿರುವ ಮುಳಶಿಯಲ್ಲಿ ಅಣೆಕಟ್ಟೆ ಕಟ್ಟಲು ಹೊರಟಾಗ, ಮುಳುಗುವ ಗದ್ದೆಗಳ ಮಾವಳರ ಪರವಾಗಿ 1921ರಿಂದ 1924ರವರೆಗೆ ಸತ್ಯಾಗ್ರಹ ನಡೆಸಿದವರು ಪಾಂಡುರಂಗ ಮಹಾದೇವ ಬಾಪಟ್. ಸೇನಾಪತಿ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಅಣೆಕಟ್ಟೆ ಎದ್ದಿತು, ಮುಂಬಯಿ ಬೆಳಗಿತು. ಬಾಪಟರಿಗೆ ರಸ್ತೆ ಸಿಕ್ಕಿತು. ಪುಣೆಯ ಆಚೆ ವಾಯಿ ಬಳಿಯ ಮೇಣವಲಿಯ ಘಾಟಿನಲ್ಲಿ 2004ರ ‘ಸ್ವದೇಸ್’ ತೆಗೆದರು. ಹಳ್ಳಿಯವರೇ ಸೇರಿ ತೊರೆಯ ನೀರಿನಿಂದ ಒಂದು ಬಲ್ಬು ಹೊತ್ತಿಸುವ ಕಥೆ. ಅಜ್ಜಿಯ ಮುಖದ ಮೇಲೆ ಬೆಳಕು ಬಿದ್ದಾಗ ನಮ್ಮೆಲ್ಲರ ಕಣ್ಣು ಒದ್ದೆಯಾಗುತ್ತದೆ. ಅದು ಚಂದದ ಕನಸು. ನಾವು ಕೂತು ನೋಡುವ ಪರದೆಯ ಬೆಳಕು ಮಾತ್ರ ಸಾಮಾನ್ಯವಾಗಿ ಇನ್ನೊಬ್ಬರ ಗದ್ದೆಯಿಂದ ಬಂದಿರುತ್ತದೆ.

ಅಂದಮೇಲೆ ಕೈ ಕೊಳೆಯಾಗದ ಸಿನಿಮಾ ಇಲ್ಲ. ಕೈ ಎಷ್ಟು ಕೊಳೆಯಾಯಿತು ಎಂದು ಹೇಳುವ ಸಿನಿಮಾ ಇರಬಹುದು. ನನ್ನ ಬೇಡಿಕೆ ಸಣ್ಣದು. ಕರ್ನಾಟಕ ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ, ಅದು ನಮ್ಮ ನಿಮ್ಮ ದುಡ್ಡು. ಆ ಅರ್ಜಿಗೆ ಒಂದು ಪುಟ ಸೇರಿಸಲಿ: ಎಷ್ಟು ಲೀಟರ್ ಡೀಸೆಲ್, ಎಷ್ಟು ವಾಹನ, ಸೆಟ್ಟಿನ ಸಾಮಾನು ಏನಾಯಿತು, ಜಾಗ ಬಿಟ್ಟು ಬಂದಾಗ ಹೇಗಿತ್ತು. ತಾತ್ಕಾಲಿಕ ಕರೆಂಟು ಎರಡು ದಿನದಲ್ಲಿ ಸಿಗುವ ಹಾಗೆ ಮಾಡಲಿ, ಆಗ ಪ್ರೊಡಕ್ಷನ್ ಮ್ಯಾನೇಜರನ ನಿದ್ದೆಯೂ ಉಳಿದೀತು. ನಾವು ಬರೆಯುವವರು ನಟನೆ, ಛಾಯಾಗ್ರಹಣ, ಸಂಗೀತ ಎಂದು ಸಾಲು ಹಾಕುವಾಗ ಇದನ್ನೂ ಒಂದು ಸಾಲು ಕೇಳೋಣ.

ಈ ಲೇಖನದ ಮೊದಲ ಕರಡನ್ನು ಇಲ್ಲಿಗೆ ಮುಗಿಸಿ ಸಾಗರದ ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: “ಲೆಕ್ಕ ಬರೀಬೇಕು ಅಂತೀಯ, ಸರಿ. ಆದ್ರೆ ಲೆಕ್ಕ ನಮ್ಮ ಮನೇಗೂ ಬಂದಿತ್ತು ಮಾರಾಯ. ಆಫೀಸರು ಬಂದು ತೆಂಗಿನ ಮರ ಎಣಿಸಿದ್ರು, ಅಡಿಕೆ ಮರ ಎಣಿಸಿದ್ರು, ಮಾಡಿನ ಹಂಚು ಎಣಿಸಿದ್ರು. ಅಪ್ಪಯ್ಯ ಹಿಂದೆ ಹಿಂದೆ ಹೋಗಿ, ತೋಟಕ್ಕೆ ಇಳಿಯೋ ಸಂಕ ಉಂಟು, ನಾನೇ ಹಾಕಿದ್ದು, ಅದನ್ನ ಬರೀರಿ ಅಂದ. ಸಂಕಕ್ಕೆ ಕಾಲಂ ಇಲ್ಲ ಅಂದ್ರು.”

ಎರಡು ಅಡಿಕೆ ಮರ ಅಡ್ಡ ಹಾಕಿ ಮಾಡಿದ ಕಾಲುಸಂಕ. ಅದಕ್ಕೆ ಕಾಲಂ ಇಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಡೀಸೆಲ್ಲಿಗೆ ಕಾಲಂ ಹಾಕಬಹುದು, ಬಾಟಲಿಗೂ ಹಾಕಬಹುದು. ಆದರೆ ಆ ಕಾಲಂಗಳನ್ನು ಬರೆಯುವವರು ಯಾರು? ಬಂದುಹೋಗುವವರೇ ಬರೆದರೆ ಸಂಕ ಮತ್ತೆ ತಪ್ಪಿಹೋಗುತ್ತದೆ. ಹಾಗಾಗಿ ನನ್ನ ಬೇಡಿಕೆಯನ್ನು ತಿದ್ದಿದ್ದೇನೆ: ಆ ಪುಟಕ್ಕೆ ಸಹಿ ಹಾಕುವವರು ನಿರ್ಮಾಪಕರಾಗಬಾರದು. ಶೂಟಿಂಗ್ ನಡೆದ ಊರಿನವರು, ಆ ಗ್ರಾಮಸಭೆ, ಆ ಹೊಲದವನು, ಒಂದು ಮಳೆಗಾಲ ಕಳೆದ ಮೇಲೆ ಹಾಕಬೇಕು. ಸಹಾಯಧನದ ಕೊನೆಯ ಕಂತು ಆಮೇಲೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಹೂವಾಗುವ ಹುಡುಗಿಯ ನಮ್ಮ ಜನಪದ ಕಥೆ ನಿಮಗೆ ಗೊತ್ತಿರಬಹುದು. ಎರಡು ಕೊಡ ನೀರು ಬೇಕು. ಒಂದು ಕೊಡ ಹೊಯ್ದರೆ ಹುಡುಗಿ ಹೂವಿನ ಮರವಾಗುತ್ತಾಳೆ. ಚಿಗುರು ಕೊಂಬೆ ಮುರಿಯದ ಹಾಗೆ ಹೂ ಬಿಡಿಸಿಕೊಳ್ಳಬೇಕು. ಆಮೇಲೆ ಎರಡನೆಯ ಕೊಡ ಹೊಯ್ಯಬೇಕು, ಆಗ ಅವಳು ಮತ್ತೆ ಮನುಷ್ಯಳಾಗುತ್ತಾಳೆ. ಹೂವಿನ ಆಸೆಗೆ ಬಂದವರು ಕೊಂಬೆ ಮುರಿದು ಹೋದ ದಿನ ಅವಳು ಅರೆಬರೆಯಾಗಿ ಉಳಿಯುತ್ತಾಳೆ. ಪುಣೆಯ ಈ ಸಿನಿಮಾ ಶಾಲೆಗೆ 1974-75ರಲ್ಲಿ ನಿರ್ದೇಶಕರಾಗಿದ್ದ ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂದು ಚಿತ್ರ ಮಾಡಿದರು, ಪುಣೆಯ ಹುಡುಗಿ ಸೋನಾಲಿ ಕುಲಕರ್ಣಿ ಮೊದಲ ಬಾರಿಗೆ ಪರದೆಗೆ ಬಂದದ್ದು ಅದರಲ್ಲೇ. ಸಿನಿಮಾ ಮಾಡುವವರಿಗೆ ಇದಕ್ಕಿಂತ ಚೆನ್ನಾಗಿ ಯಾವ ಕೈಪಿಡಿಯೂ ನಿಯಮ ಹೇಳಿಲ್ಲ. ಮೊದಲ ಕೊಡ ಹೊತ್ತು ಬರಲು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ.

ಮುಂದಿನ ತಿಂಗಳು ಕೋಥ್ರೂಡಿನಲ್ಲಿ ‘ಚೆಲುವಿ’ ಹಾಕುತ್ತಿದ್ದೇವೆ. ಸಾಗರದ ಮಾವ ಬರುತ್ತೇನೆ ಎಂದಿದ್ದಾರೆ. ಈ ಸಲ ಅವರು ಪ್ರಶ್ನೆ ಕೇಳಿದಾಗ ಕುರ್ಚಿ ಮಡಚುವ ಅವಸರ ಮಾಡುವುದಿಲ್ಲ.